ಕುಗ್ಗಿಹೋಗಿರುವ, ಮಾತುಮಾತಿಗೆ ಸಿಡುಕುವ 19ರ ಹುಡುಗನಿಗೆ ಸಾಹಸ ಶಿಬಿರದಿಂದ ಧೈರ್ಯ ಬರುತ್ತದೆಯೇ?

ಬರುತ್ತದೆ. ಅದರಲ್ಲೂ ಹಗ್ಗ ಹಿಡಿಯುವ ಕೆಲಸದಿಂದ ಹೆಚ್ಚು ಬರುತ್ತದೆ. ರಾಮನಗರದ ಬಂಡೆಗಳಲ್ಲಿ ಹತ್ತುವವನ ಹಗ್ಗ ಮೇಲೆ ಬಂಡೆಗೆ ಭದ್ರಪಡಿಸಿದ ಆಂಕರ್ ಹಾಯ್ದು ಕೆಳಗೆ ನಿಂತವನ ಕೈಗೆ ಬರುತ್ತದೆ, ಅವನು ಅದನ್ನು ಹಿಡಿದು ಹತ್ತುವವನು ಬೀಳದಂತೆ ತಡೆಯುವುದೇ ಬಿಲೇ. ಹತ್ತುವವನ ಸೊಂಟಕ್ಕೆ ಕಟ್ಟುವ ಹಾರ್ನೆಸ್‌ ಪಟ್ಟಿಗೆ 8ರ ಆಕಾರದ ಗಂಟು, ಗಂಟಿನಾಚೆ ಒಂದು ಗೇಣು ಹಗ್ಗ ಉಳಿದಿರಬೇಕು. ಬಿಲೇ ಮಾಡುವವನ ಬ್ರೇಕ್ ಕೈ, ಅಂದರೆ ಹಗ್ಗ ಜಾರದಂತೆ ತಡೆಯುವ ಕೈ, ಒಂದು ಕ್ಷಣವೂ ಹಗ್ಗ ಬಿಡಬಾರದು. ‘ನಿನ್ನ ಕೈಲಿ ಏನೂ ಆಗಲ್ಲ’ ಅನ್ನಿಸಿಕೊಂಡೇ ಬೆಳೆದ ಹುಡುಗನ ಕೈಯಲ್ಲಿ ಆಗ ಇನ್ನೊಬ್ಬನ ಜೀವ ಇರುತ್ತದೆ. ಅವನು ಪಳಗುವವರೆಗೆ ತರಬೇತುದಾರ ಹಿಂದೆ ನಿಂತು ಅದೇ ಹಗ್ಗದ ತುದಿ ಹಿಡಿದಿರಲೇಬೇಕು.

ಕೆಡುವುದು ಹೆಚ್ಚಾಗಿ ಹೊರಡುವ ಮೊದಲೇ. ಪಿಕ್ನಿಕ್ ಎಂದು ಸುಳ್ಳು ಹೇಳಿ ಕರೆದೊಯ್ದರೆ ನಂಬಿಕೆ ಅಲ್ಲೇ ಮುಗಿಯಿತು. ಹೆದರಿ ಅರ್ಧಕ್ಕೆ ಇಳಿದವನನ್ನು ನೋಡಿ ನಕ್ಕರೆ ಮತ್ತಷ್ಟು ಮುದುಡುತ್ತಾನೆ, ದಯವಿಟ್ಟು ಹಾಗೆ ಮಾಡಬೇಡಿ. ಬೇಸಿಗೆಯಲ್ಲಿ ಬಂಡೆ ಬೇಗ ಕಾದು ಅಂಗೈ ಸುಡುತ್ತದೆ: ಬೆಳಿಗ್ಗೆ 6ಕ್ಕೇ ಶುರು ಮಾಡಿ, ತಲಾ 3 ಲೀಟರ್ ನೀರು ಒಯ್ಯಿರಿ. ರಾಮನಗರದ ರಾಮದೇವರಬೆಟ್ಟ 2012ರಿಂದ ರಣಹದ್ದು ಅಭಯಾರಣ್ಯ, ಅರಣ್ಯ ಇಲಾಖೆಯ ನಿಯಮ ಮೊದಲೇ ವಿಚಾರಿಸಿ.

ಎರಡು ದಿನದ ಶಿಬಿರದ ಹುಮ್ಮಸ್ಸು ಬೇಗ ಇಳಿದುಹೋಗುತ್ತದೆ. ಬೆಂಗಳೂರಿಗೆ ಮರಳಿದ ಮೇಲೆ ವಾರಕ್ಕೊಮ್ಮೆಯಾದರೂ ಕಂಠೀರವ ಕ್ರೀಡಾಂಗಣದಂಥ ಕಡೆ ಕ್ಲೈಂಬಿಂಗ್ ಗೋಡೆಯ ಅಭ್ಯಾಸ ಇರಲಿ. ಕೆಲವು ತಿಂಗಳ ನಂತರ ಹೊಸಬರಿಗೆ ಗಂಟು ಕಲಿಸುವ ಕೆಲಸ ಅವನಿಗೇ ಕೊಡಿಸಿ.

ಸಾಯುವ ಮಾತಾಡುತ್ತಿದ್ದರೆ, ಮಾದಕ ವಸ್ತು ಬಳಸುತ್ತಿದ್ದರೆ ಶಿಬಿರ ಆಮೇಲೆ. ಮೊದಲು ನಿಮ್ಹಾನ್ಸ್‌ಗೆ ಕರೆದೊಯ್ಯಿರಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.