ಸಂಪಾದಕರ ಉತ್ತರ: ಪಥ್ಯ ಇಡೀ ಮನೆಗಿರಲಿ

ದಾವಣಗೆರೆ ಎಪಿಎಂಸಿಯ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಓದುಗರೊಬ್ಬರ ಪತ್ರ: "ವಯಸ್ಸು 46. ಡಾಕ್ಟರು ನೋಡಿದಾಗ ಬಿಪಿ 150/96 ಇತ್ತು. ಯುಗಾದಿಯಿಂದ ಬೆಳಿಗ್ಗೆ ಐದಕ್ಕೆದ್ದು ಬೈಕಿನಲ್ಲಿ ಕುಂದುವಾಡ ಕೆರೆಗೆ ವಾಕಿಂಗ್ ಹೊರಟೆ. ಟೀ, ಬೆಣ್ಣೆ ದೋಸೆ, ಮಿರ್ಚಿ ಬಿಟ್ಟೆ. ಮನೆಯವಳು ನನಗಂತಲೇ ಬೇರೆ ಅಡುಗೆ ಮಾಡುತ್ತಿದ್ದಳು. ತಿಂಗಳೊಳಗೆ ಎಲ್ಲ ನಿಂತಿತು. 21 ದಿನ ಮಾಡಿದರೆ ರೂಢಿಯಾಗುತ್ತದೆ ಅಂತಾರಲ್ಲ, ನನಗೇಕೆ ಆಗಲಿಲ್ಲ? ನನ್ನ ಮನಸ್ಸೇ ಗಟ್ಟಿ ಇಲ್ಲವೇ?"

ಮಾನ್ಯರೇ,

ಆ 21 ದಿನದ ಲೆಕ್ಕವನ್ನು ಮೊದಲು ಬಿಟ್ಟುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ, 2010ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಅಭ್ಯಾಸ ಕೂಡಿಬರಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗಬಹುದೆಂದು ಅಂದಾಜಾಯಿತು. ನಡುಮಧ್ಯದ ಅಂಕಿ 66. ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥ ನಷ್ಟವೇನೂ ಆಗಲಿಲ್ಲ. ಇನ್ನೂ ಒಂದು ಮಾತು: ಅವರಲ್ಲಿ ಪ್ರತಿಯೊಬ್ಬರೂ ಆರಿಸಿಕೊಂಡಿದ್ದು ಒಂದೇ ಒಂದು ಅಭ್ಯಾಸ, ಅದನ್ನೂ ದಿನಾ ತಪ್ಪದೆ ನಡೆಯುವ ಊಟ ತಿಂಡಿಯಂಥ ಕೆಲಸಕ್ಕೆ ಗಂಟು ಹಾಕಿಕೊಂಡಿದ್ದರು. ನೀವು ಒಂದೇ ಬೆಳಿಗ್ಗೆ ಐದು ಹೊರೆ ಹೊತ್ತಿರಿ. ಮನಸ್ಸು ಎಷ್ಟೇ ಗಟ್ಟಿಯಿದ್ದವರಿಗೂ ಅದು ಕಷ್ಟವೇ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ ಅಡುಗೆಯ ಸಂಗತಿ. ಮಕ್ಕಳಿಗೊಂದು, ನಿಮಗೊಂದು ಅಂತ ಎರಡೆರಡು ಸಲ ಒಲೆ ಮುಂದೆ ನಿಲ್ಲುವುದು ಎಷ್ಟು ದಿನ ನಡೆದೀತು? ನೀವೇ ಸೋತವರೆಂಬಂತೆ ಬರೆದಿದ್ದೀರಿ. ಮೊದಲು ದಣಿದವರು ನಿಮ್ಮ ಮನೆಯವರಿರಬೇಕು. ನಮ್ಮ ಸೀಮೆಯ ಊಟದಲ್ಲಿ ಪಥ್ಯಕ್ಕೆ ಬೇಕಾದ್ದು ಹೊಸದಾಗಿ ತರುವಂಥದ್ದೇನಿಲ್ಲ. ಜೋಳದ ರೊಟ್ಟಿ, ರಾಗಿ ಮುದ್ದೆ, ಸೊಪ್ಪಿನ ಪಲ್ಯ, ಮೊಳಕೆ ಕಾಳು, ಚಳ್ಳಕೆರೆ ಕಡೆಯಿಂದ ಬರುವ ನವಣೆ, ಸಾಮೆ, ಇವನ್ನು ಇಡೀ ಮನೆ ಉಣ್ಣಲಿ. ಉಪ್ಪೂ ಹಾಗೆಯೇ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಸುಮಾರು ಒಂದು ಟೀ ಚಮಚ. ಸಾರಿನ ಉಪ್ಪನ್ನು ವಾರವಾರ ಸ್ವಲ್ಪ ಸ್ವಲ್ಪ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಖಾರ ಮಂಡಕ್ಕಿ ಕೂಡ ಅದೇ ಚಮಚದ ಲೆಕ್ಕಕ್ಕೆ ಸೇರುತ್ತವೆ. ಬೆಣ್ಣೆ ದೋಸೆಯನ್ನು ಪೂರ್ತಿ ಬಿಡಿ ಅಂತ ನಾನು ಹೇಳಲಾರೆ. ಅಪರೂಪಕ್ಕೊಂದು ಭಾನುವಾರ ಮನೆಮಂದಿಯೆಲ್ಲ ಹೋಗಿ ತಿಂದು ಬನ್ನಿ.

ಇನ್ನು ನಡಿಗೆ. ಕುಂದುವಾಡ ಕೆರೆ ಏರಿ ಚೆಂದವೇ. ಆದರೆ ಮೆಕ್ಕೆಜೋಳದ ಆವಕ ಶುರುವಾದಾಗ ನೀವು ಮನೆ ಸೇರುವುದೇ ರಾತ್ರಿ ಹತ್ತಕ್ಕೆ ಅಂದಮೇಲೆ, ಐದಕ್ಕೆದ್ದು ಬೈಕ್ ತೆಗೆಯುವುದು ನಿದ್ದೆಯನ್ನು ಕಿತ್ತುಕೊಂಡಂತೆ. ನಿದ್ದೆ ಕೆಟ್ಟರೆ ಬಿಪಿಗೂ ಒಳ್ಳೆಯದಲ್ಲ. ಏಳು ತಾಸಾದರೂ ಮಲಗಬೇಕು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕೆಂಬ ಲೆಕ್ಕವನ್ನು ಹತ್ತತ್ತು ನಿಮಿಷಗಳಾಗಿ ಹಂಚಿಕೊಳ್ಳಬಹುದು. ಮಧ್ಯಾಹ್ನ ಬುತ್ತಿ ಉಂಡು ಕೈ ತೊಳೆದ ಕೂಡಲೇ ಯಾರ್ಡಿನೊಳಗೇ ಹತ್ತು ನಿಮಿಷ ನಡೆಯಿರಿ. ಸದ್ಯಕ್ಕೆ ಇಷ್ಟೇ. ಇದು ಸೀಜನ್ನಿನ ಗದ್ದಲದಲ್ಲೂ ಉಳಿದರೆ ಆಮೇಲೆ ಕೆರೆಯ ಮಾತು.

ಒತ್ತಡದ ಬಗ್ಗೆ ನೀವು ಬರೆದದ್ದು ಒಂದೇ ಸಾಲು: "ರಾತ್ರಿ ಹನ್ನೊಂದಕ್ಕೂ ರೇಟು ಕೇಳಿ ಫೋನ್ ಬರುತ್ತದೆ." ಇದಕ್ಕೆ ಪ್ರಾಣಾಯಾಮ ಮಾಡಿ ಎಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಸಾಹುಕಾರರ ಹತ್ತಿರ ಕೂತು, ಒಂಬತ್ತರ ಮೇಲೆ ಬರುವ ವಿಚಾರಣೆಗೆ ಬೆಳಿಗ್ಗೆ ಉತ್ತರ ಕೊಡುತ್ತೇನೆಂದು ಕೇಳಿಕೊಳ್ಳಿ. ಡಾಕ್ಟರ ಹೆಸರು ಹೇಳಿಯೇ ಕೇಳಿ, ಸಂಕೋಚ ಬೇಡ. ದುಡಿಯುವವರ ನಿದ್ದೆಯ ಜವಾಬ್ದಾರಿ ದುಡಿಸಿಕೊಳ್ಳುವವರಿಗೂ ಇದೆ.

ಮಾತ್ರೆ ಬರೆದುಕೊಟ್ಟಿದ್ದರೆ, ಚೆನ್ನಾಗಿದ್ದೇನೆ ಅನ್ನಿಸಿದರೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಬಿಪಿ ಏರಿದರೂ ಬಹಳ ಸಲ ಯಾವ ಲಕ್ಷಣವೂ ಕಾಣಿಸಿಕೊಳ್ಳುವುದಿಲ್ಲ. ಮುಂದಿನ ಸಲ ತೋರಿಸಲು ಹೋದಾಗ ಮನೆಯವರನ್ನೂ ಕರೆದುಕೊಂಡು ಹೋಗಿ, ಅವರ ಬಿಪಿಯನ್ನೂ ನೋಡಿಸಿ. ನಿಮ್ಮ ಎರಡು ಪುಟದ ಪತ್ರದಲ್ಲಿ ಅವರ ಆರೋಗ್ಯದ ಸುದ್ದಿ ಇರಲಿಲ್ಲ.

- ಸಂಪಾದಕ