ಸೇನ್ ನದಿಯ ಯಾವ ದಡ? ಸೈಕಲ್ ಪ್ರವಾಸದ ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ.

ಪ್ಯಾರಿಸ್‌ನಿಂದ ಸೇನ್ ನದಿಯ ದಂಡೆ ಹಿಡಿದು, ಚಿತ್ರಕಾರ ಕ್ಲೋದ್ ಮೊನೆಯ ತೋಟವಿರುವ ಜಿವರ್ನಿ ಊರಿನವರೆಗೆ ನಿಧಾನವಾಗಿ ಸೈಕಲ್ ತುಳಿಯುವ ದಾರಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ವಿಷಯ ಅಪರೂಪದ್ದು, ನಿಮ್ಮ ಭಾಷೆಗೆ ಓಟವಿದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊನೆ, ರೆನ್ವಾ, ಸಿಸ್ಲೆ ಎಂಬ ಹತ್ತೊಂಬತ್ತನೇ ಶತಮಾನದ ಚಿತ್ರಕಾರರ ಹೆಸರುಗಳು ಲೇಖನದುದ್ದಕ್ಕೂ ಬರುತ್ತವೆ, ಊರುಗಳೂ ಬರುತ್ತವೆ. ಯಾವ ಚಿತ್ರವನ್ನು ಎಲ್ಲಿ ನಿಂತು ಬರೆದರು ಎಂಬುದು ಮಾತ್ರ ಎಲ್ಲೂ ಇಲ್ಲ. ಸೈಕಲ್ ಸವಾರರಿಗೆ ಮೊದಲು ಬೇಕಾದದ್ದು ಅದೇ. ತಪ್ಪು ದಡ ಹಿಡಿದರೆ ಮುಂದಿನ ಸೇತುವೆ ಸಿಗುವವರೆಗೆ ಏನೂ ಮಾಡುವಂತಿಲ್ಲ.

ವೆತೇಯ್ ಊರನ್ನೇ ತೆಗೆದುಕೊಳ್ಳಿ. ‘ಬೀದಿಗಳಲ್ಲಿ ಸುತ್ತಿದರೆ ಮೊನೆಯ ಚಿತ್ರಗಳು ಕಣ್ಣೆದುರು ಬರುತ್ತವೆ’ ಎಂದಿದ್ದೀರಿ. ಅವರು ಅಲ್ಲಿದ್ದದ್ದು 1878ರಿಂದ 1881ರವರೆಗೆ, ನಿಜ. ಆದರೆ ನೀರಿನಾಚೆ ಚರ್ಚಿನ ಗೋಪುರ, ಅದರ ಸುತ್ತ ಮನೆಗಳು ಕಾಣುವ ಆ ಪ್ರಸಿದ್ಧ ನೋಟ ಊರೊಳಗೆ ಸಿಗುವುದಿಲ್ಲ. ಅದು ಎದುರು ದಡದ ಲಾವಕೂರ್‌ನಿಂದ, ಇಲ್ಲವೇ ದೋಣಿಯಿಂದ ಕಂಡದ್ದು. ವೆತೇಯ್ ಬಲದಡದಲ್ಲಿದೆ (ನದಿ ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಗಡೆ), ಅಲ್ಲಿ ಸೇತುವೆಯಿಲ್ಲ. ಆದ್ದರಿಂದ ಓದುಗರು ಇನ್ನೂ ಮಾಂತ್ ಪಟ್ಟಣದಲ್ಲಿರುವಾಗಲೇ ತೀರ್ಮಾನಿಸಬೇಕು. ಎಡದಡ ಹಿಡಿದು ನದಿಯ ಮ್ವಾಸೋಂ ತಿರುವಿನೊಳಗೆ ಹೋದರೆ ಲಾವಕೂರ್. ಮಧ್ಯಾಹ್ನ ಕಳೆದ ಮೇಲೆ ತಲುಪಿದರೆ ಬಿಸಿಲು ಬೆನ್ನ ಹಿಂದಿನಿಂದ ನೇರವಾಗಿ ಎದುರಿನ ಊರಿನ ಮೇಲೆ ಬೀಳುತ್ತದೆ. ಬೆಳಿಗ್ಗೆ ಹೋದರೆ ಊರು ಬೆಳಕಿಗೆ ಬೆನ್ನು ಹಾಕಿ ಮಸುಕಾಗಿರುತ್ತದೆ. ಅಲ್ಲಿಂದ ಮುಂದೆ ಬೊನಿಯೇರ್‌ನಲ್ಲಿ ಸೇತುವೆ ದಾಟಿದರೆ ಬೆನೆಕೂರ್. 1868ರಲ್ಲಿ ಮೊನೆ ನದಿಯಂಚಿನಲ್ಲಿ ಕೂತ ಹೆಂಗಸಿನ ಚಿತ್ರ ಬರೆದದ್ದು ಅಲ್ಲೇ. ಅದೇ ದಡದಲ್ಲಿ ಮುಂದುವರಿದರೆ ಜಿವರ್ನಿ ಸಿಗುತ್ತದೆ.

ಮಾಂತ್‌ನಿಂದ ಬಲದಡ ಹಿಡಿದವರಿಗೆ ಈ ನೋಟ ತಪ್ಪುತ್ತದೆ, ಬೇರೆಯದು ದಕ್ಕುತ್ತದೆ: ವೆತೇಯ್ ಊರು, ಬಿಳಿ ಬಂಡೆಯನ್ನೇ ಕೊರೆದು ಮಾಡಿದ ಓತ್ ಈಲ್ ಚರ್ಚು, ಆಮೇಲೆ ಲಾ ರೋಶ್ ಗಿಯೋಂ ಕೋಟೆ. ಎರಡನ್ನೂ ಬರೆದು, ಆಯ್ಕೆ ಓದುಗರಿಗೆ ಬಿಡಿ. ನಮ್ಮನ್ನು ಕೇಳಿದರೆ ಚಿತ್ರಕ್ಕಾಗಿ ಹೋಗುವವರು ಎಡದಡವನ್ನೇ ಹಿಡಿಯಬೇಕು.

ಇನ್ನು ತಿದ್ದಲೇಬೇಕಾದ ಸಂಗತಿಗಳು. ಮೊನೆಯ ಚಿತ್ರಗಳಲ್ಲಿರುವ ನೈದಿಲೆಗಳು ಸೇನ್ ನದಿಯವಲ್ಲ. 1893ರಲ್ಲಿ ಜಿವರ್ನಿಯಲ್ಲಿ ಜಮೀನು ಕೊಂಡು, ಎಪ್ತ್ ಎಂಬ ಉಪನದಿಯ ಕವಲಿನಿಂದ ನೀರು ತಿರುಗಿಸಿ ಅವರೇ ಕಟ್ಟಿಸಿದ ಕೊಳದವು. ಪ್ಯಾರಿಸ್ ಪಕ್ಕದ ಶಾತೂ ದ್ವೀಪದ ಫೂರ್ನೇಸ್ ಹೋಟೆಲಿನ ಬಾಲ್ಕನಿ ಈಗಲೂ ಇದೆ. ಆದರೆ ರೆನ್ವಾ ಅಲ್ಲಿ 1880–81ರಲ್ಲಿ ಬರೆದ ದೋಣಿವಿಹಾರಿಗಳ ಊಟದ ಚಿತ್ರ ಇರುವುದು ಅಮೆರಿಕದ ವಾಷಿಂಗ್ಟನ್‌ನಲ್ಲಿ. ‘ಅಲ್ಲೇ ನೋಡಬಹುದು’ ಎಂಬ ವಾಕ್ಯ ನಂಬಿ ಹೋದವರಿಗೆ ನಿರಾಸೆಯಾಗುತ್ತದೆ. 1869ರಲ್ಲಿ ಮೊನೆ, ರೆನ್ವಾ ಅಕ್ಕಪಕ್ಕ ನಿಂತು ಬರೆದ ಗ್ರೆನುಯೇರ್ ಎಂಬ, ನದಿಯ ಮೇಲೆ ತೇಲುತ್ತಿದ್ದ ಉಪಾಹಾರಗೃಹವನ್ನು ಇಂದಿಗೂ ಇರುವಂತೆ ವರ್ಣಿಸಿದ್ದೀರಿ. ಅದು ಎಂದೋ ಹೋಯಿತು.

‘ನದಿ ಹರಿಯುವ ದಿಕ್ಕು, ಆದ್ದರಿಂದ ಇಳಿಜಾರು, ಶ್ರಮವಿಲ್ಲ’ ಎಂಬ ಮಾತಂತೂ ಅಪಾಯದ್ದು. ಪ್ಯಾರಿಸ್ ಬಳಿ ನದಿಯ ಮಟ್ಟ ಸಮುದ್ರಕ್ಕಿಂತ 30 ಮೀಟರ್ ಕೂಡ ಮೇಲಿಲ್ಲ. ಸಮುದ್ರದವರೆಗಿನ ಸೈಕಲ್ ದಾರಿಯೋ 400 ಕಿ.ಮೀ. ದಾಟುತ್ತದೆ. ಆ ಇಳಿಜಾರು ಕಾಲಿಗೆ ತಿಳಿಯುವುದೇ ಇಲ್ಲ. ತಿಳಿಯುವುದು ಗಾಳಿ. ಅಲ್ಲಿ ಹೆಚ್ಚಾಗಿ ಬೀಸುವುದು ಪಡುವಣ ಗಾಳಿ, ನಿಮ್ಮ ದಾರಿ ಸಾಗುವುದೂ ಪಡುವಣಕ್ಕೆ. ನದಿ ದೊಡ್ಡ ದೊಡ್ಡ ತಿರುವು ಹಾಕುವುದರಿಂದ ನಡುನಡುವೆ ಬಿಡುವು ಸಿಗುತ್ತದೆ, ಅಷ್ಟೇ. ಆರಾಮ ಬಯಸುವವರಿಗೆ ತಿರುಗುಮುರುಗಾದ ದಾರಿ ಸೂಚಿಸಿ: ಪ್ಯಾರಿಸ್‌ನ ಸಾಂ ಲಝಾರ್ ನಿಲ್ದಾಣದಿಂದ ರೈಲಿನಲ್ಲಿ ವೆರ್ನೋಂ, ಅಲ್ಲಿಂದ ಹಳೆಯ ರೈಲು ಹಳಿಯ ಜಾಗದಲ್ಲಿ ಮಾಡಿದ ಸೈಕಲ್ ಹಾದಿಯಲ್ಲಿ ಸುಮಾರು 5 ಕಿ.ಮೀ. ಹೋದರೆ ಜಿವರ್ನಿ, ಆಮೇಲೆ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಪ್ಯಾರಿಸ್ ಕಡೆಗೆ. ದಣಿದವರು ನಡುವೆ ಲೋಕಲ್ ರೈಲು ಹತ್ತಬಹುದು. ಆದರೆ ಪ್ಯಾರಿಸ್ ಸುತ್ತಲಿನ ಲೋಕಲ್ ರೈಲುಗಳಲ್ಲಿ ಕೆಲಸದ ದಿನಗಳಂದು ಬೆಳಿಗ್ಗೆ 6.30–9.30, ಸಂಜೆ 4.30–7.30ರ ನಡುವೆ ಸೈಕಲ್‌ಗೆ ಪ್ರವೇಶವಿಲ್ಲ. ಇದನ್ನು ಬರೆಯಲೇಬೇಕು.

ರೈಲಿನ ಮಾತು ಬಂದಾಗ ಇನ್ನೊಂದು. ಕಲಾವಿದರು ‘ಪ್ರಕೃತಿಯ ಕರೆಗೆ ಓಗೊಟ್ಟು’ ಬಂದರು ಎಂದಿದ್ದೀರಿ. ಅವರನ್ನು ಇಲ್ಲಿಗೆ ತಂದದ್ದು ರೈಲು. 1837ರಲ್ಲೇ ಹಳಿ ನಗರದ ಪಶ್ಚಿಮದ ದಂಡೆಯೂರುಗಳವರೆಗೆ ಬಂದಿತ್ತು, 1843ಕ್ಕೆ ನದಿಯ ಇನ್ನೂ ಕೆಳಗಿನ ರೂಆಂ ನಗರ ತಲುಪಿತು. 1841ರಲ್ಲಿ ಪೇಟೆಂಟ್ ಪಡೆದ ತವರದ ಬಣ್ಣದ ಟ್ಯೂಬು ಜೇಬಿನಲ್ಲಿ ಹಿಡಿಯುತ್ತಿತ್ತು. ಬೆಳಿಗ್ಗೆ ಹೋಗಿ, ಬಯಲಲ್ಲೇ ಚಿತ್ರ ಬರೆದು, ಸಂಜೆ ಮರಳುವುದು ಸಾಧ್ಯವಾಯಿತು. ಇದು ಲೇಖನದ ಮೊದಲ ಪುಟದಲ್ಲೇ ಬರಲಿ.

ಹಾದಿಯ ನೆಲದ ಬಗ್ಗೆ ಒಂದು ಸಾಲೂ ಇಲ್ಲ. ಆ ಕಣಿವೆಯ ಸೀಮೆಸುಣ್ಣದ ಬಂಡೆಯಲ್ಲಿ ಚಕಮಕಿ ಕಲ್ಲು ಹುದುಗಿರುತ್ತದೆ. ಅದು ಒಡೆದರೆ ಅಂಚು ಬ್ಲೇಡಿನಷ್ಟು ಹರಿತ. ಡಾಂಬರಿಲ್ಲದ ಕಡೆ ತೆಳ್ಳನೆಯ ಟೈರ್ ಸೀಳಿಹೋಗುತ್ತದೆ, ಪ್ಯಾಚ್ ಹಚ್ಚಿದರೆ ಸಾಲದು. 35–40 ಮಿ.ಮೀ. ಅಗಲದ ಟೈರ್, ಗಾಳಿಯ ಒತ್ತಡ 3 ಬಾರ್ ಆಸುಪಾಸು, ಎರಡು ಟ್ಯೂಬು, ಸೀಳಿದ ಜಾಗಕ್ಕೆ ಒಳಗಿನಿಂದ ಇಡಲು ಹಳೆಯ ಟೈರಿನ ಒಂದು ತುಂಡು ಇರಲಿ. ಮಳೆ ಬಂದರೆ ಬಿಳಿ ಕೆಸರು ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ಚಕ್ರವೇ ಬಿಗಿಯಾಗುತ್ತದೆ, ನಡುವೆ ಎರಡು ಬೆರಳು ಜಾಗ ಬೇಕು. ವಾಹನಗಳು ಬಲಕ್ಕೆ ಚಲಿಸುತ್ತವೆ ಎಂಬುದನ್ನೂ ನೆನಪಿಸಿ.

ಜಿವರ್ನಿ ತೋಟ ಏಪ್ರಿಲ್ 1ರಿಂದ ನವೆಂಬರ್ 1ರವರೆಗೆ ಮಾತ್ರ ತೆರೆದಿರುತ್ತದೆ. ಸೈಕಲ್ ಒಳಗೆ ಬಿಡುವುದಿಲ್ಲ, ಗಟ್ಟಿ ಬೀಗ ಬೇಕು. ದಿನಕ್ಕೆ 40 ಕಿ.ಮೀ. ಸಾಕು. ನೀವು ಹಾಕಿದ 80ರಲ್ಲಿ ನಿಂತು ನೋಡಲು ಹೊತ್ತೇ ಇರುವುದಿಲ್ಲ.

‘ಸ್ವರ್ಗವೇ ಧರೆಗಿಳಿದಂತೆ’ ಎಂಬುದನ್ನು ಬಂದ ಕಡೆಯೆಲ್ಲ ತೆಗೆಯಿರಿ. ಆ ಜಾಗದಲ್ಲಿ ದಡ, ಹೊತ್ತು, ದೂರ ಈ ಮೂರನ್ನು ಬರೆಯಿರಿ. ಶಾತೂ, ಲಾವಕೂರ್, ಜಿವರ್ನಿ ಇಷ್ಟನ್ನೇ ಉಳಿಸಿಕೊಂಡು, ಸೇತುವೆಗಳನ್ನು ಗುರುತಿಸಿದ ಕೈನಕ್ಷೆಯೊಂದಿಗೆ ಮತ್ತೆ ಕಳಿಸಿ. ಖಂಡಿತ ಓದುತ್ತೇವೆ.