2014ರಲ್ಲಿ ಡೆರೆಕ್ ಜೀಟರ್ ಅವರನ್ನು ಕೊನೆಯವರೆಗೂ ಎರಡನೇ ಕ್ರಮಾಂಕದಲ್ಲೇ ಆಡಿಸಿದ್ದು ಜೋ ಗಿರಾರ್ಡಿಯವರ ತಪ್ಪೇ?

ಜೀಟರ್ ಎಂಬ ನಲವತ್ತು ವರ್ಷದ ಆಟಗಾರನೊಬ್ಬನ ಮೇಲಿನ ಗೌರವಕ್ಕಾಗಿ ಮ್ಯಾನೇಜರ್ ಗಿರಾರ್ಡಿ ಇಡೀ ತಂಡದ ಋತುವನ್ನು ಬಲಿಕೊಟ್ಟರೇ ಎಂದು ನೀವು ಕೇಳಿದ್ದೀರಿ. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್‌ಗೆ ನಿಜವಾಗಿ ಎಷ್ಟು ಪ್ರಭಾವವಿರುತ್ತದೆ ಎಂಬುದೂ ನಿಮ್ಮ ಪ್ರಶ್ನೆಯಲ್ಲಿದೆ. ನಾನು ನ್ಯೂ ಜೆರ್ಸಿಗೆ ಬಂದು ನೆಲೆಸಿದ ಮೇಲೆ ಈ ಆಟವನ್ನು ಕಲಿತವನು. ನ್ಯೂಯಾರ್ಕ್ ಯಾಂಕೀಸ್ ತಂಡದ ಆ ವರ್ಷದ ಪಂದ್ಯಗಳಲ್ಲಿ ಹೆಚ್ಚಿನವನ್ನು ಟಿವಿಯಲ್ಲೂ ಕೆಲವನ್ನು ಕ್ರೀಡಾಂಗಣದಲ್ಲೂ ನೋಡಿದ್ದೇನೆ. ಗಿರಾರ್ಡಿಯವರದು ತಪ್ಪೇ ಎಂದು ನಾನೂ ನಂಬುತ್ತೇನೆ. ಆದರೆ ಅಭಿಮಾನಿಗಳು ಅವರ ಮೇಲೆ ಹೊರಿಸುವ ತಪ್ಪು ಬೇರೆ, ನಾನು ಹೇಳುವ ತಪ್ಪು ಬೇರೆ.

ಜೀಟರ್ ಅವರ ಅಂಕಿಅಂಶಗಳನ್ನು ಅಲ್ಲಗಳೆಯುವಂತಿಲ್ಲ. 2012ರಲ್ಲಿ 216 ಹಿಟ್‌ಗಳೊಂದಿಗೆ (ಚೆಂಡು ಹೊಡೆದು ಬೇಸ್, ಅಂದರೆ ಓಡಿ ಮುಟ್ಟಬೇಕಾದ ನೆಲೆ, ಸುರಕ್ಷಿತವಾಗಿ ತಲುಪಿದರೆ ಒಂದು ಹಿಟ್) ಇಡೀ ಲೀಗ್‌ಗೆ ಮೊದಲಿಗರಾಗಿದ್ದ ಅವರು ಅದೇ ಅಕ್ಟೋಬರ್‌ನಲ್ಲಿ ಪ್ಲೇಆಫ್ ಪಂದ್ಯವೊಂದರಲ್ಲಿ ಕಣಕಾಲು ಮುರಿದುಕೊಂಡರು; 2013ರಲ್ಲಿ ಬರೀ 17 ಪಂದ್ಯಗಳನ್ನು ಆಡಲು ಸಾಧ್ಯವಾಯಿತು. 2014ರ ಫೆಬ್ರುವರಿಯಲ್ಲಿ, ಇದೇ ತಮ್ಮ ಕೊನೆಯ ಋತು ಎಂದು ಘೋಷಿಸಿದರು. ಆ ವರ್ಷ 145 ಪಂದ್ಯಗಳಲ್ಲಿ ಅವರ ಸರಾಸರಿ .256 (ಅಂದರೆ ಸಾವಿರ ಪ್ರಯತ್ನಕ್ಕೆ 256 ಹಿಟ್), ಚೆಂಡನ್ನು ಮೈದಾನದಾಚೆಗೆ ಹೊಡೆದ ಹೋಮ್ ರನ್ ನಾಲ್ಕೇ ನಾಲ್ಕು. ಬ್ಯಾಟ್ ಹಿಡಿದು ನಿಂತ ನೂರು ಸಲದಲ್ಲಿ ಸುಮಾರು ಮೂವತ್ತು ಸಲವಷ್ಟೇ ಅವರು ಬೇಸ್ ತಲುಪಿದರು, ಅದು ಲೀಗ್‌ನ ಸಾಧಾರಣ ಮಟ್ಟಕ್ಕಿಂತ ಕಡಿಮೆ. ಸೆಪ್ಟೆಂಬರ್‌ನಲ್ಲಿ ಸತತ 28 ಸಲ ಹಿಟ್ ಇಲ್ಲದೆ ಔಟಾದರು. ಇಷ್ಟಾದರೂ ಪಂದ್ಯದ ದಿನ ಹೊರಬೀಳುವ ಪಟ್ಟಿಯಲ್ಲಿ ಅವರ ಹೆಸರು ಬಹುತೇಕ ಯಾವಾಗಲೂ ಎರಡನೆಯದಾಗಿಯೇ ಇರುತ್ತಿತ್ತು.

ಕ್ರಿಕೆಟ್‌ನಲ್ಲಿ ಔಟಾದವರು ಆ ಇನಿಂಗ್ಸ್‌ನಲ್ಲಿ ಮತ್ತೆ ಬರುವುದಿಲ್ಲ. ಬೇಸ್‌ಬಾಲ್‌ನಲ್ಲಿ ಒಂಬತ್ತು ಮಂದಿಯ ಸರದಿ ಪಂದ್ಯ ಮುಗಿಯುವವರೆಗೂ ಸುತ್ತುತ್ತಲೇ ಇರುತ್ತದೆ, ಹಿಂದಿನ ಇನಿಂಗ್ಸ್ ಎಲ್ಲಿ ನಿಂತಿತೋ ಮುಂದಿನದು ಅಲ್ಲಿಂದಲೇ ಆರಂಭವಾಗುತ್ತದೆ. ಹೀಗಾಗಿ ಕ್ರಮಾಂಕದಲ್ಲಿ ಒಂದೊಂದು ಮೆಟ್ಟಿಲು ಕೆಳಗಿಳಿದಂತೆ 162 ಪಂದ್ಯಗಳ ಋತುವಿನಲ್ಲಿ ಆಟಗಾರನಿಗೆ ಸಿಗುವ ಅವಕಾಶಗಳು ಸುಮಾರು 15ರಿಂದ 20ರಷ್ಟು ಕಡಿಮೆಯಾಗುತ್ತವೆ. ಜೀಟರ್ ಅವರನ್ನು ಮೊದಲ ದಿನದಿಂದಲೇ ಎಂಟನೇ ಕ್ರಮಾಂಕಕ್ಕೆ ಇಳಿಸಿದ್ದರೂ ವರ್ಷವಿಡೀ ನೂರರಷ್ಟು ಅವಕಾಶಗಳು ಬೇರೆಯವರ ಪಾಲಾಗುತ್ತಿದ್ದವು. ಅದರಿಂದ ಕೆಲವು ರನ್‌ಗಳು ಹೆಚ್ಚಬಹುದಿತ್ತು. ಸರಿಸುಮಾರು ಹತ್ತು ರನ್‌ಗಳಿಗೆ ಒಂದು ಗೆಲುವು ಎಂಬ ರೂಢಿಯ ಲೆಕ್ಕ ಹಿಡಿದರೆ, ಈ ಬದಲಾವಣೆಯಿಂದ ಒಂದು ಗೆಲುವು ದಕ್ಕಿದ್ದರೆ ಅದೇ ಹೆಚ್ಚು. ಯಾಂಕೀಸ್ 84 ಪಂದ್ಯಗಳನ್ನು ಗೆದ್ದಿತು. ಕೊನೆಯ ವೈಲ್ಡ್ ಕಾರ್ಡ್ ಸ್ಥಾನ (ತಮ್ಮ ವಿಭಾಗವನ್ನು ಗೆಲ್ಲದ ತಂಡಗಳಿಗೆ ಪ್ಲೇಆಫ್‌ನಲ್ಲಿ ಸಿಗುವ ಜಾಗ) ಪಡೆದ ಓಕ್ಲೆಂಡ್ 88 ಗೆದ್ದಿತ್ತು.

ಆ ನಾಲ್ಕು ಗೆಲುವುಗಳು ಕೈತಪ್ಪಿದ್ದು ಬೇರೆ ಕಾರಣಗಳಿಂದ. ಪಿಚರ್‌ಗಳಲ್ಲಿ, ಅಂದರೆ ಚೆಂಡು ಎಸೆಯುವವರಲ್ಲಿ, ಸಬಾತಿಯಾ ಗಾಯದಿಂದಾಗಿ ಎಂಟೇ ಪಂದ್ಯ ಆಡಿ ನಿಂತುಹೋದರು, ನೋವಾ ನಾಲ್ಕೇ ಆಡಿ. ಋತುವಿನ ಮೊದಲರ್ಧದಲ್ಲಿ ತಂಡವನ್ನು ಹೆಗಲ ಮೇಲೆ ಹೊತ್ತಿದ್ದ ಪಿಚರ್ ತನಾಕಾ ಅವರ ಮೊಣಕೈಯ ಅಸ್ಥಿರಜ್ಜು ಜುಲೈನಲ್ಲಿ ಭಾಗಶಃ ಹರಿಯಿತು. ಭಾರಿ ಹಣ ಕೊಟ್ಟು ತಂದ ಬೆಲ್ಟ್ರಾನ್ ಮತ್ತು ಮೆಕ್ಯಾನ್ ಇಬ್ಬರ ಸರಾಸರಿಯೂ .230ರ ಆಸುಪಾಸಿನಲ್ಲಿಯೇ ಉಳಿಯಿತು. ತಂಡ ಗಳಿಸಿದ್ದು 633 ರನ್, ಬಿಟ್ಟುಕೊಟ್ಟಿದ್ದು 664. ಕೊಟ್ಟದ್ದಕ್ಕಿಂತ ಗಳಿಸಿದ್ದೇ ಕಡಿಮೆಯಾದರೂ ಸೋಲಿಗಿಂತ ಆರು ಗೆಲುವು ಹೆಚ್ಚು ಪಡೆದ ತಂಡವನ್ನು ನಡೆಸಿದ ಮ್ಯಾನೇಜರ್‌ನನ್ನು ಒಬ್ಬ ಆಟಗಾರನ ಕ್ರಮಾಂಕಕ್ಕಾಗಿ ಮಾತ್ರ ತೂಗುವುದು ನನಗೆ ನ್ಯಾಯವೆನಿಸುವುದಿಲ್ಲ. ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ಜೀಟರ್ ಫೀಲ್ಡಿಂಗ್ ಮಾಡುತ್ತಿದ್ದ ಸ್ಥಾನದಿಂದಲೇ ಅವರನ್ನು ತೆಗೆಯಬೇಕಿತ್ತು ಎನ್ನುವವರು, ಆಗ ಲಭ್ಯವಿದ್ದ ಬ್ರೆಂಡನ್ ರಯಾನ್ .167ರಷ್ಟೇ ಹೊಡೆದರೆಂಬುದನ್ನೂ, ಜುಲೈ ಕೊನೆಗೆ ಬಂದ ಸ್ಟೀಫನ್ ಡ್ರೂ ಅವರದು ಅದಕ್ಕಿಂತಲೂ ಕಡಿಮೆಯೆಂಬುದನ್ನೂ ನೋಡಬೇಕು.

ಹಾಗಾದರೆ ತಪ್ಪು ಎಲ್ಲಿ? ಜುಲೈ 31ರಂದು ಮಾರ್ಟಿನ್ ಪ್ರಾಡೊ ತಂಡಕ್ಕೆ ಬಂದರು. ಸೆಪ್ಟೆಂಬರ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗುವವರೆಗೆ ಅವರು ಆಡಿದ 37 ಪಂದ್ಯಗಳಲ್ಲಿ ಸರಾಸರಿ .316. ಎರಡನೇ ಕ್ರಮಾಂಕಕ್ಕೆ ಹೇಳಿ ಮಾಡಿಸಿದಂಥ ಆಟಗಾರ ಕಣ್ಣೆದುರಿಗೇ ಇದ್ದ ಆ ಆರು ವಾರಗಳಲ್ಲಿ ಗಿರಾರ್ಡಿ ಜೀಟರ್ ಅವರ ಮುಂದೆ ಕುಳಿತು ಮಾತನಾಡಬೇಕಿತ್ತು. ಪಟ್ಟಿ ಬರೆಯುವುದು ಮ್ಯಾನೇಜರ್‌ನ ಕೆಲಸದಲ್ಲಿ ಸುಲಭದ ಭಾಗ. ಆಟಗಾರರನ್ನು ಆರಿಸಿ ತರುವುದು ಜನರಲ್ ಮ್ಯಾನೇಜರ್, ಅಂದರೆ ಆಗ ಬ್ರಯಾನ್ ಕ್ಯಾಷ್‌ಮನ್. ಮ್ಯಾನೇಜರ್‌ನ ಪ್ರಭಾವ ಗಟ್ಟಿಯಾಗಿ ಕಾಣುವುದು ಎರಡು ಕಡೆ: ಯಾವ ಪಿಚರ್‌ನನ್ನು ಯಾವಾಗ ಇಳಿಸಬೇಕೆಂಬುದರಲ್ಲಿ, ಮತ್ತು ಹಿರಿಯ ಆಟಗಾರನೊಬ್ಬನಿಗೆ ‘ಇನ್ನು ಮುಂದೆ ನಿಮ್ಮ ಪಾತ್ರ ಇಷ್ಟು’ ಎಂದು ಯಾವಾಗ, ಹೇಗೆ ಹೇಳಬೇಕೆಂಬುದರಲ್ಲಿ. ಎರಡನೆಯದೇ ಕಠಿಣ.

ಇದನ್ನು ಗಿರಾರ್ಡಿ ಅರಿಯದವರಲ್ಲ. ಮೂರು ವರ್ಷ ಹಿಂದೆ ಜಾರ್ಜ್ ಪೊಸಾಡಾ ವಿಷಯದಲ್ಲಿ ಮಾಡಿ ತೋರಿಸಿದ್ದರು. ಇಬ್ಬರೂ ಕ್ಯಾಚರ್‌ಗಳು (ಕ್ರಿಕೆಟ್‌ನ ವಿಕೆಟ್‌ಕೀಪರ್‌ನಂತೆ ಬ್ಯಾಟರ್ ಹಿಂದೆ ಇರುವವರು), 1990ರ ದಶಕದ ಕೊನೆಯಲ್ಲಿ ಅದೇ ತಂಡದಲ್ಲಿ ಆ ಸ್ಥಾನವನ್ನು ಹಂಚಿಕೊಂಡವರು, ಆಗ ಜಾಗ ಬಿಟ್ಟುಕೊಡಬೇಕಾದ ಹಿರಿಯ ಗಿರಾರ್ಡಿಯೇ. 2011ರ ಮೇ 14ರಂದು, .165ರ ಸರಾಸರಿಯಲ್ಲಿ ತೊಳಲಾಡುತ್ತಿದ್ದ 39 ವರ್ಷದ ಪೊಸಾಡಾ ಅವರನ್ನು ಬಾಸ್ಟನ್ ವಿರುದ್ಧ ಒಂಬತ್ತನೇ ಕ್ರಮಾಂಕಕ್ಕೆ ಇಳಿಸಿದಾಗ, ಅವರು ನೊಂದುಕೊಂಡು ಆ ಪಂದ್ಯದಿಂದಲೇ ಹೊರಗುಳಿದರು. ಮರುದಿನ ಗಿರಾರ್ಡಿಯವರ ಬಳಿ ಕ್ಷಮೆ ಕೇಳಿದರು. ಆಗಸ್ಟ್‌ನಲ್ಲಿ ನಿತ್ಯದ ಸ್ಥಾನವೂ ಹೋಯಿತು. ಅದಾದ ಮೇಲೆ ಏನಾಯಿತೆಂಬುದನ್ನು ಜನ ಮರೆಯುತ್ತಾರೆ: ಕೆಲವೇ ದಿನಗಳಲ್ಲಿ ಅವರು ಮೂರು ಬೇಸ್‌ಗಳೂ ತುಂಬಿದ್ದಾಗ ಹೋಮ್ ರನ್ ಹೊಡೆದರು, ಸೆಪ್ಟೆಂಬರ್‌ನಲ್ಲಿ ಬದಲಿ ಬ್ಯಾಟರ್ ಆಗಿ ಬಂದು ವಿಭಾಗದ ಪ್ರಶಸ್ತಿಯನ್ನು ಖಚಿತಪಡಿಸಿದರು, ಡೆಟ್ರಾಯಿಟ್ ವಿರುದ್ಧದ ಪ್ಲೇಆಫ್ ಸರಣಿಯಲ್ಲಿ .429 ಸರಾಸರಿಯಲ್ಲಿ ಆಡಿದರು. ಪಾತ್ರವನ್ನು ಕಿರಿದುಗೊಳಿಸಿದ್ದು ಅವರಿಗೂ ತಂಡಕ್ಕೂ ಒಳಿತನ್ನೇ ಮಾಡಿತೆಂದು ನಾನು ತಿಳಿದಿದ್ದೇನೆ.

ಜೀಟರ್ ವಿಷಯದಲ್ಲಿ ಆ ಧೈರ್ಯ ಏಕೆ ಬರಲಿಲ್ಲ? ಅವರು 2003ರಿಂದ ನಾಯಕರು. ಎದುರಾಳಿ ಊರುಗಳಲ್ಲೂ ಜನ ಎದ್ದುನಿಂತು ಬೀಳ್ಕೊಡುತ್ತಿದ್ದರು. ಯಾಂಕೀ ಸ್ಟೇಡಿಯಂನಲ್ಲಿ ಅವರು ಬ್ಯಾಟ್ ಹಿಡಿದು ಬರುವಾಗ, 2010ರಲ್ಲಿ ತೀರಿಕೊಂಡಿದ್ದ ಉದ್ಘೋಷಕ ಬಾಬ್ ಶೆಪರ್ಡ್ ಅವರ ಧ್ವನಿಮುದ್ರಣದಲ್ಲೇ ಅವರ ಹೆಸರು ಮೊಳಗುತ್ತಿತ್ತು. ಅದನ್ನು ಕೇಳುತ್ತ ಆ ಜನರ ನಡುವೆ ಕುಳಿತಿದ್ದ ನನಗೇ ಎಂಟನೇ ಕ್ರಮಾಂಕದ ಮಾತೆತ್ತಲು ಬಾಯಿ ಬರುತ್ತಿರಲಿಲ್ಲ. ಆದರೆ ಗಿರಾರ್ಡಿ ಕೈಗಾರಿಕಾ ಎಂಜಿನಿಯರಿಂಗ್ ಓದಿದವರು, ಅಂಕಿಅಂಶಗಳ ಕಡತವನ್ನು ಪಕ್ಕದಲ್ಲಿಟ್ಟುಕೊಂಡೇ ಪಂದ್ಯ ನಡೆಸಿದವರು. 1996ರಲ್ಲಿ ಬಾಲ್ಟಿಮೋರ್‌ನ ಮ್ಯಾನೇಜರ್ ಡೇವಿ ಜಾನ್ಸನ್, ಅಲ್ಲಿ ದೇವರಂತಿದ್ದ ಕಾಲ್ ರಿಪ್ಕೆನ್ ಅವರನ್ನೇ ಆರು ಪಂದ್ಯಗಳ ಮಟ್ಟಿಗೆ ಶಾರ್ಟ್‌ಸ್ಟಾಪ್‌ನಿಂದ ಮೂರನೇ ಬೇಸ್‌ಗೆ ಸರಿಸಿದ್ದರು. ಮರುವರ್ಷ ರಿಪ್ಕೆನ್ ಅಲ್ಲಿಯೇ ನೆಲೆಸಿದರು. ಆದ್ದರಿಂದ ಇದು ಯಾರಿಂದಲೂ ಆಗದ ಕೆಲಸ ಎಂಬ ಸಮರ್ಥನೆಯನ್ನು ನಾನು ಒಪ್ಪುವುದಿಲ್ಲ.

ಗಿರಾರ್ಡಿ ಪರ ವಾದಿಸುವವರು ಸೆಪ್ಟೆಂಬರ್ 25ರ ರಾತ್ರಿಯನ್ನು ಮುಂದಿಡುತ್ತಾರೆ. ಬಾಲ್ಟಿಮೋರ್ ವಿರುದ್ಧ ತವರಿನ ಕೊನೆಯ ಪಂದ್ಯ, ಒಂಬತ್ತನೇ ಇನಿಂಗ್ಸ್‌ನಲ್ಲಿ 5–5. ಒಂಬತ್ತನೇ ಕ್ರಮಾಂಕದ ಪಿರೇಲಾ ಹಿಟ್ ಹೊಡೆದರು, ಅವರ ಬದಲಿಗೆ ಓಡಲು ರಿಚರ್ಡ್‌ಸನ್ ಬಂದರು, ಗಾರ್ಡ್ನರ್ ತಾನು ಔಟಾಗಿ ಅವರನ್ನು ಎರಡನೇ ಬೇಸ್‌ಗೆ ದಾಟಿಸಿದರು. ಮುಂದಿನ ಸರದಿ ಜೀಟರ್ ಅವರದು. ಮೊದಲ ಎಸೆತವನ್ನೇ ಬಲಗಡೆಗೆ ಹೊಡೆದು ಗೆಲ್ಲಿಸಿದರು. ಎಂಟನೆಯವರಾಗಿದ್ದರೆ ಆ ಗಳಿಗೆಯಲ್ಲಿ ಅವರು ಅಲ್ಲಿ ಇರುತ್ತಿರಲಿಲ್ಲ ಎನ್ನುವುದು ನಿಜ. ನಾನೂ ಅಂದು ಅತ್ತಿದ್ದೇನೆ. ಆದರೆ ಯಾಂಕೀಸ್ ಅದರ ಹಿಂದಿನ ದಿನವೇ ಪ್ಲೇಆಫ್ ಸ್ಪರ್ಧೆಯಿಂದ ಹೊರಬಿದ್ದಿತ್ತು. ಆಗಸ್ಟ್‌ನಲ್ಲಿ ತೆಗೆದುಕೊಳ್ಳಬೇಕಿದ್ದ ನಿರ್ಧಾರವನ್ನು ಆ ಒಂದು ಹಿಟ್‌ನಿಂದ ಅಳೆಯಲು ಬರುವುದಿಲ್ಲ.

ಆ ರಾತ್ರಿಯ ನಂತರ, ಇನ್ನು ಶಾರ್ಟ್‌ಸ್ಟಾಪ್‌ನಲ್ಲಿ ನಿಲ್ಲುವುದಿಲ್ಲ ಎಂದು ತೀರ್ಮಾನಿಸಿದವರು ಸ್ವತಃ ಜೀಟರ್. ಬಾಸ್ಟನ್‌ನಲ್ಲಿ ಸೆಪ್ಟೆಂಬರ್ 28ರಂದು ಫೀಲ್ಡಿಂಗ್ ಮಾಡದೆ ಬ್ಯಾಟರ್ ಆಗಿ ಮಾತ್ರ ಆಡಿದರು. ಮೂರನೇ ಇನಿಂಗ್ಸ್‌ನಲ್ಲಿ ನೆಲಕ್ಕೆ ಬಡಿದು ಎತ್ತರಕ್ಕೆ ಚಿಮ್ಮಿದ ಚೆಂಡಿನಿಂದ ತಮ್ಮ 3,465ನೇ ಹಿಟ್ ಪಡೆದು, ಬದಲಿ ಓಟಗಾರನಿಗೆ ಜಾಗ ಬಿಟ್ಟುಕೊಟ್ಟು ಹೊರನಡೆದರು.